ಗೌರಮ್ಮ ಟೀಚರ ಚೀಲ ಹೊತ್ತು ಉಯ್ಯಂಬಳ್ಳಿಗೆ

ಬೆಳಗ್ಗೆ ಆರೂವರೆಗೆ ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಲಗೇಜು ಹಿಡಿದು ನಿಂತಿದ್ದೆ. ಒಂದು, ನನ್ನ ಮಣಿಚೌಕಟ್ಟು. ಹತ್ತು ತಂತಿ, ತಂತಿಗೆ ಹತ್ತು ಮರದ ಮಣಿ, ಎಲ್ಲಕ್ಕೂ ಅರಗಿನ ಹೊಳಪು. ಮಕ್ಕಳಿಗೆ ಎಣಿಕೆ ಕಲಿಸುವುದಕ್ಕೆ. ಇನ್ನೊಂದು, ಗೌರಮ್ಮ ಟೀಚರ ಹಳೇ ಬಟ್ಟೆ ಚೀಲ. ಜಿಲ್ಲಾ ಮಟ್ಟದ ಕಲಿಕೋಪಕರಣಗಳ ಪ್ರದರ್ಶನದಲ್ಲಿ ನನ್ನದಕ್ಕೆ ಮೊದಲ ಬಹುಮಾನ ಬಂತು. ಚೀಲವನ್ನು ಟೀಚರ್ ಅವತ್ತೇ ಅಲ್ಲಿ ಬಿಟ್ಟು ಹೋದರು. ಬಿಟ್ಟು ಹೋಗುವ ಹಾಗೆ ಮಾಡಿದವನು ನಾನು.

ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ನನಗಿದು ನಾಲ್ಕನೇ ವರ್ಷ. ಪಾಠಕ್ಕಿಂತ ಮಿಮಿಕ್ರಿಗೆ ಹೆಸರು ಜಾಸ್ತಿ. ಬಿಇಓ ಸಾಹೇಬರ ಕೆಮ್ಮು, ಮಾಗಡಿ ಕಡೆಯ ಪಿಟಿ ಮೇಷ್ಟ್ರ ವಿಷಲ್ಲು, ನಮ್ಮಪ್ಪನ ಗೊರಕೆ, ಕನ್ನಡಿ ಮುಂದೆ ನಿಂತ ನನ್ನನ್ನೂ ಸೇರಿಸಿ ಯಾರನ್ನೂ ಬಿಟ್ಟವನಲ್ಲ. ಪ್ರದರ್ಶನದ ದಿನ ಊಟದ ಹೊತ್ತಿಗೆ ಗೌರಮ್ಮ ಟೀಚರನ್ನು ಆಡಿ ತೋರಿಸಿದೆ. ಮೂವತ್ತು ವರ್ಷ ಒಂದನೇ ಕ್ಲಾಸಿಗೇ ಪಾಠ ಮಾಡಿದವರು ಅವರು. ದೊಡ್ಡವರ ಹತ್ತಿರವೂ ಬೆರಳು ಮೇಲೆತ್ತಿ, "ಹತ್ತಾದ ಮೇಲೆ ಏನು ಬತ್ತದೆ, ಕಂದಾ?" ಎನ್ನುತ್ತಾರೆ. ಬೆಳಗ್ಗೆ ತೀರ್ಪುಗಾರರಿಗೂ "ಕಂದಾ" ಅಂದಿದ್ದರು. ನಾನು ಅನ್ನದ ತಟ್ಟೆ ಹಿಡಿದು, ಸೊಂಟ ಬಗ್ಗಿಸಿ, "ಹಪ್ಪಳ ಆದ ಮೇಲೆ ಏನು ಬತ್ತದೆ, ಕಂದಾ?" ಅಂದೆ. ನಲವತ್ತು ಜನ ಮೇಷ್ಟ್ರುಗಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ತಿರುಗಿ ನೋಡಿದರೆ ಟೀಚರ್ ನನ್ನ ಹಿಂದೆ, ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟು ಹೊರಟುಬಿಟ್ಟರು.

ಮೂರು ವಾರದ ಮೇಲೆ ತರಬೇತಿ ನೋಡಿಕೊಳ್ಳುವ ನಮ್ಮ ಅಧಿಕಾರಿಗಳು ಫೋನ್ ಮಾಡಿದರು. "ಶನಿವಾರ ಟ್ರೈನಿಂಗಲ್ಲಿ ಆಯಮ್ಮನ ವಿಧಾನ ಎಲ್ಲರಿಗೂ ತೋರಿಸ್ಬೇಕು ಕಣಯ್ಯ. ಕರೆದ್ರೆ ಬರಲ್ಲ ಅಂತಾರೆ. ಓಡಿಸಿದೋನು ನೀನು, ಹೋಗಿ ಕರ್ಕೊಂಡು ಬಾ." ಹೂಂ ಅಂದೆ. ಮಣಿಚೌಕಟ್ಟು ತೆಗೆದುಕೊಂಡು ಹೋಗೆಂದು ಅವರು ಹೇಳಿರಲಿಲ್ಲ. ಕ್ಷಮೆ ಕೇಳುವಾಗ ಜೊತೆಗೆ ಒಸಿ ಗತ್ತೂ ಇರಲಿ ಎಂದು ನಾನೇ ಹೊತ್ತೆ.

ರಾಮನಗರದ ಬಸ್ಸಿನ ತುಂಬ ಹೆಂಗಸರು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದರು. ದುಡ್ಡಿನ ಟಿಕೆಟ್ಟು ನನಗೂ ಒಂದು ಹುಂಜಕ್ಕೂ ಮಾತ್ರ. ಬಬಲ್ ಶೀಟು ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ ಚೌಕಟ್ಟನ್ನು ಕಂಡಕ್ಟರ್ ನೋಡಿ, "ಏನ್ ಸ್ವಾಮಿ ಅದು, ಕನ್ನಡೀನಾ?" ಅಂದ.

"ಮಕ್ಕಳು ಮುಟ್ಟಿ ಕಲಿಯೋ ಸಾಮಾನು."

"ಮೇಲಿಡಿ ಮತ್ತೆ."

"ಬಣ್ಣ ಹೊಂಟೋಯ್ತದೆ."

"ಮಕ್ಕಳು ಮುಟ್ಟಿದ್ರೆ ಹೋಗಲ್ವಾ?" ಎಂದು ಹುಂಜದ ಕಡೆ ಹೋದ. ಅವನ ದನಿ ಹಿಡಿಯಲು ಒಂದು ಸಲ ಬಾಯಿ ತೆರೆದೆ. ಯಾಕೋ ಬೇಡ ಅನ್ನಿಸಿತು.

ರಾಮನಗರದಲ್ಲಿ ಬಸ್ಸು ಬದಲಾಯಿಸಿ ಕನಕಪುರ ತಲುಪಿದಾಗ ಒಂಬತ್ತು. ಎರಡು ತಟ್ಟೆ ಇಡ್ಲಿ ತಿಂದೆ. ಉಯ್ಯಂಬಳ್ಳಿ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಹೊತ್ತು ಹೋಗಲಿಲ್ಲವೆಂದು ಟೀಚರ ಚೀಲ ಬಿಚ್ಚಿದೆ. ಅವತ್ತು ಎತ್ತಿಕೊಂಡು ಬಂದು ಮೂರು ವಾರ ಮನೆಯಲ್ಲಿಟ್ಟಿದ್ದರೂ ಬಿಚ್ಚಿ ನೋಡಿರಲಿಲ್ಲ. ಹತ್ತತ್ತು ರಾಗಿ ಕಡ್ಡಿಯ ಕಟ್ಟುಗಳು. ಒಂದು ಡಬ್ಬ ಹುಣಸೆಬೀಜ, ಒಂದೊಂದರ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ್ದು. ಅಡಿಯಲ್ಲಿ ಚಂದ್ರಿಕೆಯ ದುಂಡನೆ ತುಂಡು. ಚಂದ್ರಿಕೆ ಅಂದರೆ ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಅದರ ಮೇಲೆ ಬಿದಿರಿನ ಪಟ್ಟಿ ಸುತ್ತುಸುತ್ತಾಗಿ ಓಡುತ್ತದೆ. ಆ ಸುತ್ತಿನ ಉದ್ದಕ್ಕೂ ಟೀಚರ್ ಒಂದರಿಂದ ನೂರರವರೆಗೆ ಬರೆದಿದ್ದರು. ಮಕ್ಕಳು ಬೀಜ ನಡೆಸುತ್ತ ಲೆಕ್ಕ ಕಲಿಯುತ್ತಾರೆ. ಇಪ್ಪತ್ತರ ತನಕ ಅಂಕಿಗಳು ಸವೆದು ಮತ್ತೆ ಮತ್ತೆ ಬರೆಸಿಕೊಂಡಿದ್ದವು, ಪಟ್ಟಿ ಬೆರಳ ಜಿಡ್ಡಿಗೆ ಕಪ್ಪಾಗಿತ್ತು. ಪ್ರದರ್ಶನದಲ್ಲಿ ಇದನ್ನು "ಕೊಳಕು ತಟ್ಟೆ" ಅಂದವನೂ ನಾನೇ.

ಕೋಡಿಹಳ್ಳಿ ದಾಟಿದ ಮೇಲೆ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಬಸ್ಸು ತುಳಿದು ಕೊಡಲಿ ಎಂದು ಮುದುಕಿಯೊಬ್ಬರು ಪಕ್ಕದಲ್ಲಿ ಕಾಯುತ್ತಿದ್ದರು. ಬಿಸಿಲು ಚುರುಕಾಗಿತ್ತು. ಉಯ್ಯಂಬಳ್ಳಿಯಲ್ಲಿ ಇಳಿದು, ಹಾಲಿನ ಕ್ಯಾನ್ ಹೊತ್ತ ಬೈಕೊಂದರ ಹಿಂದೆ ಕೂತು, ಎರಡು ಕಿಲೋಮೀಟರ್ ಒಳಗಿದ್ದ ಟೀಚರ ಸ್ಕೂಲು ಮುಟ್ಟಿದಾಗ ಹನ್ನೊಂದೂವರೆ.

ಎರಡು ಕೋಣೆ, ಇಪ್ಪತ್ತಮೂರು ಮಕ್ಕಳು. ಗೌರಮ್ಮ ಟೀಚರ್ ಕುರ್ಚಿ ಬಿಟ್ಟೆದ್ದು, "ಬನ್ನಿ ಮೇಷ್ಟ್ರೇ, ಬಿಸಿಲಲ್ಲಿ ಬಂದಿದ್ದೀರಿ" ಅಂದರು. ಚೀಲ ಕೊಟ್ಟೆ. ತೆಗೆದುಕೊಂಡು ಕುರ್ಚಿ ಪಕ್ಕ ಇಟ್ಟರು. ಬಸ್ಸಿನಲ್ಲೆಲ್ಲ ಉರು ಹೊಡೆದಿದ್ದ ಕ್ಷಮೆಯ ಮಾತನ್ನು ಆಮೇಲಕ್ಕೆ ಇಟ್ಟೆ. ಬದಲಿಗೆ ಬಬಲ್ ಶೀಟು ಬಿಚ್ಚಿದೆ. ಮಕ್ಕಳು "ಹೋ" ಅಂದವು. ನನ್ನ ಎದೆ ಉಬ್ಬಿತು. ಎಂಥಾ ಮಾನಗೆಟ್ಟ ಎದೆ ನೋಡಿ.

"ಮುಟ್ಬೋದಾ ಸಾ?" ಎಂದು ಭವ್ಯ ಅನ್ನೋ ಹುಡುಗಿ ಕೇಳಿದಳು. ಎರಡನೇ ಕ್ಲಾಸು, ಎರಡು ಜಡೆ.

"ಮುಟ್ಟಮ್ಮ. ಎಪ್ಪತ್ತು ತೋರಿಸು ನೋಡೋಣ. ತಂತಿಗೆ ಹತ್ತು, ಏಳು ತಂತಿ."

ನಾನು ಹೇಳಿದ ಹಾಗೆ ಏಳು ತಂತಿಯ ಮಣಿ ಸರಿಸಿ ಸುಮ್ಮನಾಗುವ ಜಾತಿಯಲ್ಲ ಅವಳು. ಒಂದೊಂದೇ ಮಣಿ ಮುಟ್ಟಿ ಎಣಿಸಿದಳು. "ಸಾ, ಎಪ್ಪತ್ತೊಂದಾಯ್ತದೆ."

"ಸರಿಯಾಗಿ ಎಣಿಸು."

ಎಣಿಸಿದಳು. "ಎಪ್ಪತ್ತೊಂದೇ ಸಾ."

ಪಕ್ಕದವನು, "ಸರಿಯಮ್ಮಿ ಆಕಡೆ, ನಾನ್ ಎಣಿಸ್ತೀನಿ" ಎಂದು ನುಗ್ಗಿದ. ಅವನಿಗೂ ಎಪ್ಪತ್ತೊಂದು. ಆಗ ನಾನು ಎಣಿಸಿದೆ. ಐದನೇ ತಂತಿಯ ಹಸಿರು ಮಣಿಗಳು ಹನ್ನೊಂದಿದ್ದವು.

ಇಷ್ಟು ದಿನ ಅದು ನಮ್ಮ ಸ್ಕೂಲಿನ ಗಾಜಿನ ಬೀರುವಿನಲ್ಲಿತ್ತು, ಸಾಹೇಬರುಗಳು ಬಂದಾಗ ತೋರಿಸಲಿಕ್ಕೆ. ತೀರ್ಪುಗಾರರು ಹೊಳಪು ಸವರಿ ನೋಡಿದರು. ನಾನು ದಿನಾ ಧೂಳು ಒರೆಸಿದೆ. ಎಣಿಸುವ ಸಾಮಾನನ್ನು ಒಬ್ಬರೂ ಎಣಿಸಿರಲಿಲ್ಲ.

ಗೌರಮ್ಮ ಟೀಚರ್ ಮುಂದೆ ಬಂದರು. "ಮೇಷ್ಟ್ರು ಬೇಕಂತಲೇ ಒಂದು ಜಾಸ್ತಿ ಹಾಕವ್ರೆ. ನೀವು ನಿಜವಾಗ್ಲೂ ಎಣಿಸ್ತೀರೋ ಇಲ್ವೋ ನೋಡೋಕೆ." ಮಕ್ಕಳು ಚಪ್ಪಾಳೆ ತಟ್ಟಿದವು. ಅದಕ್ಕಿಂತ ನನ್ನ ಕೆನ್ನೆಗೆ ಎರಡು ಬಿಟ್ಟಿದ್ದರೆ ವಾಸಿಯಾಗಿತ್ತು.

"ಇಲ್ಲ ಮಕ್ಕಳೇ," ಅಂದೆ. "ಇದನ್ನ ಮಾಡಿದ್ದೂ ನಾನಲ್ಲ. ಚನ್ನಪಟ್ಟಣದಲ್ಲಿ ಬಣ್ಣ ಹೇಳಿ ಮಾಡಿಸ್ದೆ. ನಾನು ಎಣಿಸಿರಲಿಲ್ಲ. ಎಣಿಸೋಕೆ ನಮ್ಮ ಮಕ್ಕಳ ಕೈಗೂ ಕೊಟ್ಟಿರಲಿಲ್ಲ."

ಭವ್ಯ, "ಒಂದು ಬಿಚ್ಚುದ್ರೆ ಸರಿಯಾಯ್ತದೆ ಸಾ" ಅಂದಳು. ಬಿಚ್ಚಲು ಇಕ್ಕಳ ಹುಡುಕಿಕೊಂಡು ಮಕ್ಕಳು ಅಡುಗೆ ಮನೆಗೆ ಓಡಿದವು.

ಊಟಕ್ಕೆ ಅನ್ನ, ಸೊಪ್ಪಿನ ಸಾರು. ಜಗುಲಿಯಲ್ಲಿ ಟೀಚರ ಪಕ್ಕ ಕೂತು ತಿಂದೆ. ಆಗ ಹೇಳಿದೆ: "ಅವತ್ತು ನಾನು ಮಾಡಿದ್ದು ತಪ್ಪಾಯ್ತು ಟೀಚರ್. ಶನಿವಾರ ಬನ್ನಿ. ಎಲ್ಲರ ಮುಂದೆ ಕೇಳ್ಕೋತೀನಿ."

ಅವರು ಅನ್ನ ಕಲೆಸುತ್ತಲೇ ಇದ್ದರು. "ನೀವು ಚೆನ್ನಾಗೇ ಆಡಿದ್ರಿ ಮೇಷ್ಟ್ರೇ. ನಾನು ಹಂಗೇ ಮಾತಾಡೋದು. ನನಗೆ ಗೊತ್ತಿರ್ಲಿಲ್ಲ ಅಷ್ಟೇ." ಒಂದು ತುತ್ತು ತಿಂದು ಅಂದರು: "ಈಗ ಬಾಯಿ ತೆಗೆದ್ರೆ ನಿಮ್ಮ ದನಿ ಕೇಳಿಸ್ತದೆ. ಮಕ್ಕಳನ್ನ ಆ ಮಾತಲ್ಲಿ ಕರೆಯೋಕೆ ಹೋದ್ರೆ ನಾಲಿಗೆ ತಡೀತದೆ. ಇವಕ್ಕೆ ಹೆಂಗೋ ಹೆಸರು ಹಿಡಿದು ಪಾಠ ಮಾಡ್ತೀನಿ. ದೊಡ್ಡೋರ ಮುಂದೆ ಆಗಲ್ಲ."

ಆಗ ಹೊಳೆಯಿತು. ಬಂದಾಗಿನಿಂದ ಅವರು ಯಾರನ್ನೂ ಒಂದು ಸಲವೂ "ಕಂದಾ" ಅಂದಿರಲಿಲ್ಲ. ತಟ್ಟೆ ತೊಳೆದಿಟ್ಟೆ. ಅವರ ಕಾಲು ಮುಟ್ಟಲು ಬಗ್ಗಿದರೆ, "ಅಯ್ಯೋ ಬೇಡಿ, ಬಸ್ಸು ತಪ್ಪೋಯ್ತದೆ" ಎಂದು ಹಿಂದೆ ಸರಿದರು.

ಉಯ್ಯಂಬಳ್ಳಿಯಲ್ಲಿ ಮೂರು ಗಂಟೆಯ ಬಸ್ಸು ಹತ್ತಿದೆ. ಕೋಡಿಹಳ್ಳಿ ಹತ್ತಿರ ಸಿಗ್ನಲ್ ಸಿಕ್ಕಿ ಅಧಿಕಾರಿಗಳ ಫೋನ್ ಬಂತು. "ಏನಂದ್ರಯ್ಯ ಆಯಮ್ಮ, ಶನಿವಾರ ಬರ್ತಾರಾ?"

"ಬರಲ್ಲ ಸಾರ್."

"ಹುಷಾರಿಲ್ವಾ? ರಜಾನಾ? ವರದಿಗೆ ಒಂದು ಕಾರಣ ಬರೀಬೇಕಲ್ಲ."

"ನಾನೇ ಸಾರ್."

"ಗಾಳಿ ಸದ್ದು. ಏನಂದೆ?"

ಕಿಟಕಿಯ ಗಾಜು ಮುಚ್ಚಿದೆ. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡುತ್ತಿದ್ದರು. ಇನ್ನೊಂದು ಸಲ, ಅವರಿಗೂ ಕೇಳುವ ಹಾಗೆ ಹೇಳಿದೆ: "ಕಾರಣ ನಾನು ಸಾರ್. ಹಂಗೇ ಬರ್ಕೊಳ್ಳಿ."