ಬಳೆ ತೊಟ್ಟ ಅಣಬೆ

“ಮಮ್ಮೀ, ಅಕ್ಕು ಅಜ್ಜಿಗೆ ಬೆರಳು ಅರ್ಧಾನೇ ಇದ್ಯಾ?”

ಐದು ವರ್ಷದ ಶ್ರಾವ್ಯಾ ಕೇಳಿದ್ದಕ್ಕೆ ನಿಶಾಳಿಗೆ ನಗು ತಡೆಯಲಾಗಲಿಲ್ಲ. ಬೆರಳೇನೋ ಪೂರ್ತಿಯೇ ಇತ್ತು. ಎಳೆಯ ಹೀರೆಕಾಯಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆಂದು ಪಕ್ಕದ ಮನೆಯ ಅಕ್ಕು ದೊಡ್ಡಮ್ಮ ಬೆರಳು ಮಡಚಿ, ಗೆಣ್ಣಿನಿಂದಲೇ ತೋರಿಸುತ್ತಿದ್ದರು.

ಕಾರ್ಕಳದ ಕಡೆಯಿಂದ ಮದುವೆಯಾಗಿ ಈ ಮಹಾನಗರಕ್ಕೆ ಬಂದ ಅವರು ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಪೆನ್ನುಗಳಿಗೆ ಮುಚ್ಚಳ ಹಾಕಿದವರು. ಆಗ ಅವರ ತೋಟವೆಂದರೆ ಚಾಳಿನ ಕಿಟಕಿಗೆ ಕಟ್ಟಿದ ಎಣ್ಣೆ ಡಬ್ಬದ ಬಸಳೆ. ಈಗ ಮುಲುಂಡ್‌ನಲ್ಲಿ ಮಗ ತಿಲಕ್‌ನ ಜೊತೆ, ನೆಲಮಹಡಿಯಲ್ಲಿ. ಬಿಲ್ಡಿಂಗಿಗೂ ಹಿಂದಿನ ಗುಡ್ಡಕ್ಕೂ ನಡುವೆ ನಾಲ್ಕು ಹೆಜ್ಜೆ ಅಗಲದ ಮಣ್ಣು. ಅದರಲ್ಲೇ ಅಲಸಂಡೆ, ಹರಿವೆ, ಹೀರೆಯ ಚಪ್ಪರ. ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರವಾದರೆ ಅಲ್ಲಿ ಹೆಲಿಕಾಪ್ಟರ್ ಚಿಟ್ಟೆಗಳು, ಬೇಲಿಯೊಳಗೆ ಊಪ್ ಊಪ್ ಎನ್ನುವ ಕೆಂಬೂತ. ಗುಡ್ಡದ ಮಂಗಗಳಿಗೆಂದೇ ಎರಡು ಹೀರೆಕಾಯಿ ಕೊಯ್ಯದೆ ಬಿಡುತ್ತಿದ್ದರು. “ಅವಕ್ಕೂ ಹಬ್ಬ ಬೇಡ್ವಾ?”

ತಿಲಕ್‌ನದು ಒಂದೇ ಮಾತು: “ಅಮ್ಮ ಒಂದ್ಸಲ ಎಡವಿದ್ರೆ ಸಾಕು, ಹಿಂದಿನ ಬಾಗಿಲಿಗೆ ಬೀಗ.”

ಆ ಬೆಳಿಗ್ಗೆ ದೊಡ್ಡಮ್ಮ ನಿಶಾಳ ಕಿಟಕಿಯ ಹೊರಗಿನಿಂದಲೇ ಕೂಗಿದರು. “ಬಾ ಮಾರಾಯ್ತಿ! ರಾತ್ರಿಯ ಗುಡುಗಿಗೆ ಲಾಂಬು ಎದ್ದಿದೆ!”

ಗುಡ್ಡದ ಬುಡದ ಹುತ್ತದ ಬದಿಯಲ್ಲಿ ಬಿಳಿ ಕೊಡೆಗಳ ಸಂತೆ. ನಿಶಾ ಹೋಗುವಷ್ಟರಲ್ಲಿ ಬುಟ್ಟಿ ಅರ್ಧ ತುಂಬಿತ್ತು. ಈ ಹುತ್ತದ ಅಣಬೆಯ ಗುರುತನ್ನು ಅವಳಿಗೆ ಕಲಿಸಿದವರೇ ಅವರು: ಕೊಡೆಯ ನಡು ಮೊನಚಿರಬೇಕು, ಕಾಲಿನ ಸುತ್ತ ಬಳೆಯಂಥ ಉಂಗುರ ತೊಟ್ಟದ್ದು ವಿಷ, ಮುಟ್ಟಬಾರದು. ಬುಟ್ಟಿಯ ಮೇಲೆಯೇ ಅಂಥದ್ದೊಂದು ಕೂತಿತ್ತು. ಮಗುಚಿ ನೋಡಿದರೆ ಅಡಿಯಲ್ಲಿ ಹಸಿರು ಛಾಯೆ.

“ದೊಡ್ಡಮ್ಮಾ, ಇದು ಬಳೆ ಹಾಕ್ಕೊಂಡು ಬಂದಿದೆಯಲ್ಲ?”

“ಹೋಗೇ! ನಿನ್ನೆ ಮೊನ್ನೆ ಕಲ್ತವಳು ನನಗೆ ಹೇಳ್ಲಿಕ್ಕೆ ಬಂದ್ಲು.”

ಅಣಬೆಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು. ಕೊನೆಗೆ ಹೆಬ್ಬೆರಳಿನಿಂದ ಕಾಲನ್ನು ಸವರಿದರು. ಬಳೆ ಬೆರಳಿಗೆ ಸಿಕ್ಕಿತು. ಮುಖದ ನಗು ಆರಿಹೋಯಿತು.

ಇಡೀ ಬುಟ್ಟಿಯನ್ನು ಗುಂಡಿಗೆ ಸುರಿದು ಮಣ್ಣು ಎಳೆದರು. “ಮಧ್ಯಾಹ್ನ ನಿನ್ನ ಮಗುವಿಗೂ ಒಂದು ಬಟ್ಟಲು ಕಳಿಸುವವಳಿದ್ದೆ.”

ನಿಶಾ ಸೋಪು ತಂದು ಮೊದಲು ಅವರ ಕೈ ತೊಳೆಸಿದಳು. “ಯಾವಾಗಿಂದ ಹೀಗೆ?”

“ಗಣಪತಿ ಹಬ್ಬದಿಂದ. ಎಲ್ಲ ಹೊಗೆ ಹೊಗೆ. ಹೀರೆಕಾಯಿ ಎಲ್ಲುಂಟು ಅಂತ ಕೈಯಲ್ಲೇ ತಡಕ್ತೇನೆ. ತಿಲಕನಿಗೆ ಗೊತ್ತಾದ್ರೆ ನನ್ನನ್ನು ಟಿವಿ ಮುಂದೆ ಕೂರಿಸಿಬಿಡ್ತಾನೆ.”

“ಹೇಳದೇ ಇದ್ರೆ ಹೇಗೆ ದೊಡ್ಡಮ್ಮ?”

“ಹೇಳುವ, ಹೇಳುವ. ಮೊದ್ಲು ಡಾಕ್ಟ್ರು ಎಂತ ಹೇಳ್ತಾರೆ ನೋಡುವ.” ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಅವರು ತಗ್ಗಿದ ದನಿಯಲ್ಲಿ ಕೇಳಿದರು: “ನಾಳೆ ಮಗುವನ್ನು ಸ್ಕೂಲಿಗೆ ಬಿಟ್ಟು ಬಂದು, ನನ್ನನ್ನೊಮ್ಮೆ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ?”