ನಾಗಣ್ಣನ ದನಿಯಲ್ಲಿ ನಾನು ಆರಿಸಿದ ಟೈರು

ನನ್ನ ಭಾವನ ಕಾರಿಗೆ ತಪ್ಪು ಟೈರು ಹಾಕಿಸಿದವನು ನಾನು. ಅದೂ ನನ್ನ ಬಾಯಿಂದಲ್ಲ, ಇನ್ನೊಬ್ಬರ ಬಾಯಿಂದ. ಡ್ರೈವಿಂಗ್ ಲೈಸೆನ್ಸ್ ಇಲ್ಲದ, ಸ್ವಂತ ಸೈಕಲ್ಲಿಗೆ ಗಾಳಿ ಹೊಡೆಸಲೂ ಸೋಮಾರಿತನ ಪಡುವ ನಾನು ಒಂದು ಫೋನ್ ಕರೆ ಮುಗಿಯುವಷ್ಟು ಹೊತ್ತು ಟೈರು ಪಂಡಿತನಾಗಿದ್ದೆ. ಆ ಪಾಂಡಿತ್ಯದ ಫಲ ಏನಾಯಿತು ಅನ್ನುವುದನ್ನು ಮೂರು ವರ್ಷ ಯಾರಿಗೂ ಹೇಳಲಿಲ್ಲ.

ನಾನು ಮಿಮಿಕ್ರಿಯವನು. ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರು ನೀರು ಕುಡಿಯಲು ಕೂತಾಗ ಮೈಕ್ ಹಿಡಿದು ಜನರನ್ನು ನಗಿಸುವುದು ನನ್ನ ಕಸುಬು. ಚಿತ್ರದುರ್ಗದ ಬಸ್ ನಿಲ್ದಾಣದ ಅನೌನ್ಸ್‌ಮೆಂಟು, ಧರ್ಮಪುರದ ಬಸ್ಸಿನ ಕಂಡಕ್ಟರು ಅರ್ಧ ತೆಲುಗಿನಲ್ಲಿ ಚಿಲ್ಲರೆ ಕೇಳುವುದು, ನನ್ನ ಅಕ್ಕ ಅತ್ತೆಯ ಜೊತೆ ಒಂದು ದನಿಯಲ್ಲಿ, ಗಂಡನ ಜೊತೆ ಇನ್ನೊಂದು ದನಿಯಲ್ಲಿ ಮಾತಾಡುವುದು — ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನ ಸ್ವಂತ ದನಿ ಮಾತ್ರ ಒಡೆದ ಪೀಪಿ. ಅದನ್ನು ಹೊರಗೆ ತೆಗೆಯುವುದು ಕಡಿಮೆ.

ಭಾವ ಕುಮಾರಣ್ಣನಿಗೆ ಹೊಸದುರ್ಗದಲ್ಲಿ ಪಂಪ್‌ಸೆಟ್ ಅಂಗಡಿ. ಮೋಟಾರು, ಬೇರಿಂಗು ತುಂಬಿಕೊಂಡು ಹಿರಿಯೂರು, ಹೊಳಲ್ಕೆರೆ, ಚಿತ್ರದುರ್ಗ ಎಂದು ವಾರವಿಡೀ ಕಾರಿನಲ್ಲೇ ಇರುತ್ತಿದ್ದ. ಹಳೆಯ ಕಾರು. ಆದರೆ ಅದರ ಎಂಜಿನ್ನಿನ ಸದ್ದು ಕೇಳಿಯೇ ಇವತ್ತು ಅದಕ್ಕೆ ಮೈ ಸರಿಯಿಲ್ಲ ಎಂದು ಹೇಳಬಲ್ಲ. ಅವನಿಗೆ ಇದ್ದ ಒಂದೇ ಜಂಭ, ಸ್ಟೇರಿಂಗ್ ಮೇಲಿನ ತನ್ನ ಕೈ.

ಟೈರು ಸವೆದಿತ್ತು. ಈ ಸಲ ವೇಗಕ್ಕೆಂದೇ ಮಾಡಿದ ಒಳ್ಳೆಯ ಟೈರು ಹಾಕಿಸಬೇಕೆಂದು ಭಾವನ ಆಸೆ. ಆದರೆ ಚಿತ್ರದುರ್ಗದ ಬೈಪಾಸ್ ಹತ್ತಿರ ಟೈರಿನಂಗಡಿ ಇಟ್ಟಿದ್ದ ನಾಗಣ್ಣ ಹೂಂ ಅನ್ನದೆ ಅವನು ಒಂದು ಟ್ಯೂಬನ್ನೂ ಕೊಳ್ಳುವವನಲ್ಲ. ಅಂಗಡಿಗೆ ಹೋಗಿ ಎರಡು ನಮೂನೆಯ ಫೋಟೋ ಕಳಿಸು ಎಂದು ನನ್ನನ್ನು ಓಡಿಸಿದ. ಒಂದು ಟೈರು ಅಗಲ ಮೈಯದು, ಮೆತ್ತನೆ ರಬ್ಬರು, ಗೀರು ಕಡಿಮೆ. ಒಣ ರಸ್ತೆಯನ್ನು ಉಡದ ಹಾಗೆ ಕಚ್ಚಿ ಹಿಡಿಯುವಂಥದ್ದು. ಇನ್ನೊಂದೂ ವೇಗಕ್ಕೇ ಮಾಡಿದ್ದು, ಆದರೆ ಮೈತುಂಬ ನೀರು ಹೊರಗೆ ಹಾಕುವ ಆಳವಾದ ಗೀರುಗಳು.

ನಾಗಣ್ಣ ಎರಡು ಸಲ ಕೆಮ್ಮಿ — ಅವನ ಯಾವ ಮಾತೂ ಕೆಮ್ಮದೆ ಶುರುವಾಗುವುದಿಲ್ಲ — ನನಗೆ ಹೇಳಿದ: “ಕೇಳಪ್ಪ ಇಲ್ಲಿ. ನಿಮ್ಮ ಭಾವ ಬೆಳಿಗ್ಗೆ ಧರ್ಮಪುರದ ಬಿಸಿಲಾಗಿರ್ತಾನೆ, ಸಂಜಿಗೆ ಹೊಳಲ್ಕೆರೆ ಮಳ್ಯಾಗಿರ್ತಾನೆ. ಮಾಡದಕೆರೆ ಕಡೆ ಟ್ರ್ಯಾಕ್ಟರ್‌ನೋರು ಎರೆ ಮಣ್ಣು ತಂದು ರಸ್ತೆಗೇ ಮೆತ್ತಿರ್ತಾರೆ. ಅವ್ನಿಗೆ ಗೀರಿರೋದೇ ಆಗ್ಬೇಕು. ಈ ಅಗಲದ್ದು ನೋಡಾಕೆ ಚೆಂದ ಐತೆ, ನೀರು ಕಂಡ್ರೆ ತೇಲ್ತೈತೆ. ಹೋಗಿ ಹೇಳು.”

ಇಷ್ಟು ಹೇಳಿ ಹೊರಗೆ ನಿಂತಿದ್ದ ಲಾರಿಯ ಚಕ್ರ ನೋಡಲು ಹೋದ. ಅವನ ಫೋನು ಮೇಜಿನ ಮೇಲೇ ಇತ್ತು. ಅದು ಬಡಿದುಕೊಂಡಿತು. ಪರದೆಯ ಮೇಲೆ ಭಾವನ ಹೆಸರು. ಅಂಗಡಿಯ ಕೆಲಸಗಾರರಿಬ್ಬರೂ ನನ್ನ ಮುಖ ನೋಡಿದರು — ಮಿಮಿಕ್ರಿಯವನ ಮುಂದೆ ಇಬ್ಬರು ಕೂತರೆ ಸಾಕು, ಅದೇ ಸಭೆ. ಫೋನು ತೆಗೆದು ಎರಡು ಸಲ ಕೆಮ್ಮಿದೆ.

“ನಾಗಣ್ಣ, ಯಾವ್ದು ಹಾಕ್ಸಾಣ ಹೇಳ್ರಿ.”

“ಕೇಳಪ್ಪ ಇಲ್ಲಿ. ಗೀರಿನ ಟೈರು ಮುದುಕ್ರಿಗೆ. ನಿನ್ನ ಕೈ ಸ್ಟೇರಿಂಗ್ ಮ್ಯಾಲಿದ್ರೆ ಮಳೇನೇ ದಾರಿ ಬಿಡ್ತೈತೆ. ಅಗಲದ್ದೇ ಹಾಕ್ಸು.”

ಇದೇ ಆ ಮಾತು. ಕೆಲಸಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ವೇದಿಕೆಯ ಮೇಲಿನಂತೆ ತಲೆ ಬಾಗಿಸಿದೆ.

ಸಂಜೆ ನಿಜ ಹೇಳಿ ಭಾವನನ್ನು ಪೆಚ್ಚು ಮಾಡಬೇಕು, ಹಾಸ್ಯದ ಅರ್ಧ ರುಚಿ ಅಲ್ಲೇ ಇರುವುದು — ಹೀಗೆಂದುಕೊಂಡೇ ಹೊಸದುರ್ಗಕ್ಕೆ ಬಂದೆ. ಭಾವ ಊಟಕ್ಕೆ ಕೂತಿದ್ದ. ಅಕ್ಕನಿಗೆ ಹೇಳುತ್ತಿದ್ದ: “ನಾಗಣ್ಣ ಯಾರನ್ನೂ ಹೊಗಳೋನಲ್ಲ ಕಣೇ. ಇವತ್ತು ನನ್ನ ಕೈ ಬಗ್ಗೆ ಏನಂದ ಗೊತ್ತಾ?” ಅವನ ಮುಖ — ಆ ಮುಖದ ಮುಂದೆ ಆ ಹೊಗಳಿಕೆ ನನ್ನದು, ಅದು ಸುಳ್ಳು ಎಂದು ಹೇಗೆ ಹೇಳಲಿ? ರೊಟ್ಟಿ ಮುರಿದು ಬಾಯಿಗೆ ತುರುಕಿಕೊಂಡೆ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಮರುದಿನ ನಾಗಣ್ಣ ಯಾವುದೋ ಮದುವೆಗೆಂದು ಹಿರಿಯೂರಿಗೆ ಹೋಗಿದ್ದ. ಭಾವ ಅಗಲದ ಟೈರನ್ನು ತೋರಿಸಿ, “ಇದೇ. ನಾಗಣ್ಣನೇ ಹೇಳ್ಯಾನೆ” ಅಂದ. ಕೆಲಸಗಾರರಿಬ್ಬರೂ ನನ್ನತ್ತ ನೋಡಿದರು. ನಾನು ಗಾಳಿ ಹೊಡೆಯುವ ಯಂತ್ರದ ಮುಳ್ಳನ್ನು ನೋಡುತ್ತಾ ನಿಂತೆ. ಅದು ನನ್ನ ಎರಡನೆಯ ತಪ್ಪು. ಮೊದಲನೆಯದನ್ನು ತಮಾಷೆ ಅನ್ನಬಹುದಿತ್ತು. ಇದಕ್ಕೆ ಆ ಹೆಸರೂ ಹೊಂದುವುದಿಲ್ಲ.

ಆಮೇಲೆ ಬಿಸಿಲುಗಾಲ. ಟೈರು ರಸ್ತೆಯನ್ನು ಹಿಡಿದರೆ ಬಿಡುತ್ತಿರಲಿಲ್ಲ. ಭಾವ ದಿನವೂ ಟೈರು ಸವರಿ ನಾಗಣ್ಣನನ್ನು ನೆನೆಯುತ್ತಿದ್ದ. ನಮ್ಮ ಸೀಮೆಯಲ್ಲಿ ಜನ ಮೋಡ ನೋಡುವುದು ಹೇಗೆಂದು ನಿಮಗೆ ಗೊತ್ತಿರಬಹುದು — ಟೀ ಅಂಗಡಿಯಲ್ಲಿ, ಹೊಲದಲ್ಲಿ, ಮಠದ ಜಗಲಿಯಲ್ಲಿ ಎಲ್ಲರೂ ಕತ್ತೆತ್ತಿ ಒಂದು ಹನಿಗೆ ಕಾಯುತ್ತಾರೆ. ನಾನೂ ಕತ್ತೆತ್ತುತ್ತಿದ್ದೆ. ಇಡೀ ಜಿಲ್ಲೆಯಲ್ಲಿ ಮಳೆ ಬೇಡ ಎಂದು ಬೇಡಿಕೊಳ್ಳುತ್ತಿದ್ದವನು ನಾನೊಬ್ಬನೇ ಇರಬೇಕು. ಗುಡ್ಡದ ಮೇಲಿನ ಕರೆಂಟಿನ ಗಾಳಿಗಿರಣಿಗಳ ಹಿಂದೆ ಸಣ್ಣ ಕಪ್ಪು ಮೋಡ ಕಂಡರೆ ಅದು ಚೆದುರುವವರೆಗೂ ಅಲ್ಲೇ ನಿಲ್ಲುತ್ತಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎಷ್ಟೋ ಸಲ ಬಾಯಿ ತೆರೆದೆ. ಪ್ರತಿ ಸಲವೂ ಬೇರೆ ಯಾರದೋ ದನಿ ಬಂತು, ಎಲ್ಲರೂ ನಕ್ಕರು.

ಹೊಳಲ್ಕೆರೆಯಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮ ಮುಗಿಸಿದ ನನ್ನನ್ನು ಕರೆದೊಯ್ಯಲು ಭಾವ, ಅಕ್ಕ ಇಬ್ಬರೂ ಬಂದಿದ್ದರು. ನಾನು ಹಿಂದಿನ ಸೀಟಿನಲ್ಲಿ. ಊರು ದಾಟುವಾಗ ಬಿಸಿಲಿತ್ತು. ಸ್ವಲ್ಪ ದೂರದಲ್ಲಿ ಗಾಳಿ ನಿಂತುಹೋಯಿತು. ಪಡುವಣದ ಕಡೆ ಆಕಾಶ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು. ಅಕ್ಕ ಹಿಂದೆ ತಿರುಗಿ, “ಲೇ ತಿಪ್ಪೇಶ, ನಾಗಣ್ಣನ್ನ ಮಾಡೋ. ಆ ಕೆಮ್ಮು ಮಾಡು” ಅಂದಳು. ಭಾವ, “ಮಾಡ್ಲೇ, ಮಾಡು” ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

ಆಗಲಿಲ್ಲ. “ಭಾವ, ನಿಧಾನಕ್ಕೆ ಹೋಗಾಣ” ಅಂದೆ — ಅಷ್ಟೇ ಅಂದೆ. ಯಾಕೆಂದು ಅನ್ನಲಿಲ್ಲ.

“ಏನಪ್ಪ, ಮುದುಕ ಆಗ್ಬಿಟ್ಟೇನು?” ಅಂದ ಭಾವ.

ಮಳೆ ಒಂದೇ ಸಲಕ್ಕೆ ಬಿತ್ತು. ರಸ್ತೆ ತಗ್ಗಿಗೆ ಇಳಿಯುವ ಕಡೆ ನೀರು ನಿಂತಿತ್ತು. ಭಾವ ವೇಗ ಇಳಿಸಿದ್ದ — ಇದನ್ನು ನಾನು ಕಂಡಿದ್ದೇನೆ, ಎಲ್ಲಿ ಬೇಕಾದರೂ ಹೇಳುತ್ತೇನೆ, ಅವನು ಇಳಿಸಿದ್ದ. ಆದರೂ ಆ ನೀರಿಗೆ ಹೊಕ್ಕ ಕೂಡಲೇ ಕಾರಿನ ಕೆಳಗಿನ ಸದ್ದೆಲ್ಲ ನಿಂತುಹೋಯಿತು. ನೆಲವೇ ಇಲ್ಲದಂತಾಯಿತು. ಭಾವ ಸ್ಟೇರಿಂಗ್ ತಿರುಗಿಸುತ್ತಿದ್ದ, ಕಾರು ತನ್ನ ಪಾಡಿಗೆ ಅಡ್ಡಡ್ಡ ಹೋಗುತ್ತಿತ್ತು. ಮುಂದೆ ಹುಣಸೆ ಮರ. ಅದರ ಕೆಳಗೆ ಕಂಬಳಿ ಹೊದ್ದ ಕುರಿಯವನು, ಅವನ ಸುತ್ತ ನೆನೆದ ಕುರಿಗಳು. ಅವನು ಓಡಲಿಲ್ಲ. ಕುರಿಗಳ ನಡುವೆ ಎಲ್ಲಿಗೆ ಓಡುತ್ತಾನೆ?

ಕಾರು ಅವನಿಗೆ ಒಂದು ಮಾರು ಈಚೆ ನಿಂತಿತು. ಕೆಳಗೆ ಒಂದು ಕುರಿ ಸಿಕ್ಕಿತ್ತು. ಅಕ್ಕನ ಕಡೆಯ ಬಾಗಿಲು ಮರಕ್ಕೆ ಬಡಿದು ಅವಳ ಭುಜದ ಮೂಳೆ ಮುರಿದಿತ್ತು. ನನಗೆ ಒಂದು ಗೀರೂ ಇರಲಿಲ್ಲ.

ಸೇರಿದ ಜನ ಕೇಳಿದರು — ಏನಾಯ್ತ್ರಿ, ಹೆಂಗಾಯ್ತ್ರಿ? ಭಾವ ಮಳೆಯಲ್ಲಿ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡುತ್ತಾ, “ನನ್ನ ಕೈ ತಪ್ತು” ಅಂದ.

ನಾನು ಪಕ್ಕದಲ್ಲೇ ನಿಂತಿದ್ದೆ.

ಅಕ್ಕನ ಮೂಳೆ ಕೂಡಿತು. ಬಾಗಿಲು ರಿಪೇರಿಯಾಗಿ ಕಾರು ಮನೆಯ ಶೆಡ್ಡಿಗೆ ಬಂತು. ಭಾವ ಮಾತ್ರ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಮೋಟಾರುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಓಡಾಡುತ್ತಾನೆ. ಒಮ್ಮೆ ಹಿರಿಯೂರಿನ ಬಸ್ಸಿನಲ್ಲಿ ಅವನ ಪಕ್ಕ ಕೂತಿದ್ದೆ. ತಿರುವು ಬಂದಾಗಲೆಲ್ಲ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಭಾವ ತನ್ನ ಮಾತು ಮೀರಿ ಅಗಲದ್ದು ಹಾಕಿಸಿದನೆಂದು ನಾಗಣ್ಣ ಮುನಿಸಿಕೊಂಡ; ಅವತ್ತು ನಕ್ಕಿದ್ದ ಕೆಲಸಗಾರರು ಬೈಗುಳಕ್ಕೆ ಹೆದರಿ ಬಾಯಿ ಬಿಡಲಿಲ್ಲ. ಕೇಳಲು ಅವನಿಗೆ ಅಭಿಮಾನ, ಹೇಳಲು ಭಾವನಿಗೆ ಸಂಕೋಚ. ಇಬ್ಬರ ನಡುವೆ ಮಾತು ನಿಂತಿತು. ಅದನ್ನು ನಿಲ್ಲಿಸಿದವನು ಇಬ್ಬರ ಮನೆಯಲ್ಲೂ ಟೀ ಕುಡಿಯುತ್ತಿದ್ದ.

ಈ ವರ್ಷ, ಮುಂಗಾರು ಇನ್ನೇನು ಬರಬೇಕು ಅನ್ನುವಾಗ, ಕಾರು ಕೊಳ್ಳಲು ಹಿರಿಯೂರಿನಿಂದ ಒಬ್ಬ ಹುಡುಗ ಬಂದ. ನನ್ನ ವಯಸ್ಸಿನವನೇ. ಟೈರಿಗೆ ಒದ್ದು ನೋಡಿ, “ಇವು ಚೆನ್ನಾಗವಾ ಅಣ್ಣ?” ಅಂದ.

“ಟೈರಿಗೇನಾಗೈತೆ? ನಾಗಣ್ಣ ಹೇಳಿ ಹಾಕ್ಸಿದ್ದು. ಡ್ರೈವರ್ ಸರಿ ಇರ್ಲಿಲ್ಲ, ಅಷ್ಟೇ” ಎಂದು ಭಾವ ಕೀಲಿ ಕೈಗಿಟ್ಟ.

ಆ ಹುಡುಗನ ಹಿಂದೆ ಕಪ್ಪಾಗುತ್ತಿದ್ದ ಆಕಾಶ ಕಾಣುತ್ತಿತ್ತು.

ಆಗ ಹೇಳಿದೆ. ಫೋನು, ಕೆಮ್ಮು, ಗೀರಿನ ಟೈರು, ಗಾಳಿ ಯಂತ್ರದ ಮುಳ್ಳು — ಎಲ್ಲ. ಯಾರ ದನಿಯನ್ನೂ ತರಲಿಲ್ಲ, ತಂದಿದ್ದರೆ ಸುಲಭವಾಗುತ್ತಿತ್ತು. ನಿನ್ನ ಕೈ ತಪ್ಪಲಿಲ್ಲ ಭಾವ, ಅಂದೆ. ಒಡೆದ ಪೀಪಿ ನಡುನಡುವೆ ಕಟ್ಟಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಅಕ್ಕನ ಕೈ ತಾನಾಗಿ ತನ್ನ ಭುಜಕ್ಕೆ ಹೋಯಿತು.

ಭಾವ ಆ ಹುಡುಗನಿಂದ ಕೀಲಿ ವಾಪಸ್ ಇಸಿದುಕೊಂಡು ಅಂಗಿ ಜೇಬಿಗೆ ಹಾಕಿಕೊಂಡ. ನನ್ನ ಕಡೆ ತಿರುಗಿದ. ಬೈದಿದ್ದರೆ, ಹೊಡೆದಿದ್ದರೆ — ಅದಕ್ಕೆ ನಾನು ತಯಾರಾಗಿದ್ದೆ. ಅವನು ನನ್ನ ಆಟ ಮುಗಿದ ಮೇಲೆ ಯಾವಾಗಲೂ ಮಾಡುವಂತೆ ಮೆಲ್ಲಗೆ ತಲೆಯಾಡಿಸಿ ಅಂದ:

“ಚೆನ್ನಾಗೈತೆ ಕಣಪ್ಪ. ಇದು ಯಾರ ದನಿ?”