ಗಿರ್ಮಿಟ್ ದಿನ್ನಿ

ಕುವೈತ್ ಸರಕಾರದ ನಕ್ಷೆ ಕೆಲಸಕ್ಕೆ ನಮ್ಮ ಸರ್ವೆ ತಂಡವನ್ನು ಮರುಭೂಮಿಗೆ ಹೊರಡಿಸುತ್ತಿದ್ದ ಫೋರ್‌ಮನ್ ಬಾಗಲಕೋಟೆ ಕಡೆಯವರು. ಜೀಪು, ಡೇರೆ, ಅನುಮತಿ ಪತ್ರ ಎಲ್ಲ ಅವರದೇ ಉಸ್ತುವಾರಿ. ನಮ್ಮ ಬಿಡಾರವಿದ್ದ ಫಿಂಟಾಸಿನಿಂದ ಹೊರಡುವ ಮುನ್ನ ಒಂದೊಂದು ನೀರಿನ ಕ್ಯಾನನ್ನೂ ಬೆರಳಿನಿಂದ ತಟ್ಟಿ ನೋಡಿ, "ಮೊದಲ ನೀರು, ಆಮ್ಯಾಲ ನಕ್ಷೆ" ಅನ್ನುತ್ತಿದ್ದರು.

ಒಮ್ಮೆ ಹೆಸರಿಲ್ಲದ ದಿನ್ನೆಯೊಂದರ ಮೇಲೆ ಕೂತು ಎಲ್ಲರಿಗೂ ಮಂಡಕ್ಕಿ ಗಿರ್ಮಿಟ್ ಕಲಸಿ ಕೊಟ್ಟರು. ತಿಂದಾದ ಮೇಲೆ ತಮಾಷೆಗೆಂದು ಕರಡು ನಕ್ಷೆಯಲ್ಲಿ ಪೆನ್ಸಿಲಿನಿಂದ 'ಗಿರ್ಮಿಟ್ ದಿನ್ನಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಅಳಿಸುವುದು ಮರೆತುಹೋಯಿತು.

ಮರುದಿನ ತಪಾಸಣೆಗೆ ಬಂದ ಕುವೈತಿ ಅಧಿಕಾರಿ ಅದರ ಮೇಲೆ ಬೆರಳಿಟ್ಟು, "ಈ ಹೆಸರು ಯಾರಿಟ್ಟಿದ್ದು?" ಎಂದರು. ಕೆಲಸವೇ ಹೋಯಿತು ಅಂದುಕೊಂಡೆ ನಾನು. ಫೋರ್‌ಮನ್ ಮಾತ್ರ, "ಇಲ್ಲಿನವರು ಹಾಗೇ ಕರೀತಾರೆ ಸರ್" ಅಂದುಬಿಟ್ಟರು.

ಅಧಿಕಾರಿ ಅಲ್ಲೇ ಒಂಟೆ ಮೇಯಿಸುತ್ತಿದ್ದ ಮುದುಕನನ್ನು ಕರೆದು ಕೇಳಿದರು. ಹಿಂದಿನ ದಿನ ನಮ್ಮೊಂದಿಗೆ ಎರಡು ತಟ್ಟೆ ಗಿರ್ಮಿಟ್ ತಿಂದಿದ್ದ ಮುದುಕ ಗಡ್ಡ ನೀವಿಕೊಂಡು, "ಹೌದು, ನಮ್ಮಜ್ಜನೂ ಗಿರ್ಮಿಟ್ ಅಂತಲೇ ಕರೀತಿದ್ದ" ಅಂದ. ಅಧಿಕಾರಿ ಹೆಸರನ್ನು ಅರಬಿಯಲ್ಲಿ ಬರೆದುಕೊಂಡು ಹೊರಟರು.

ಅವರ ಕಾರು ಮರೆಯಾದ ಮೇಲೂ ಫೋರ್‌ಮನ್ ಕೈಯಲ್ಲಿ ರಬ್ಬರ್ ಹಿಡಿದೇ ನಿಂತಿದ್ದರು.

"ಇನ್ನ ಹೆಂಗ ಅಳಸೂದೋ ತಮ್ಮಾ," ಅಂದರು, "ಅವರಜ್ಜನ ಮಾತಿಗೆ ಅವಮಾನ ಆಗ್ತದ."